ಕೊನೆಯ ಮೂರು ಅಧ್ಯಾಯ ಎಲ್ಲಿ ಹೋಯಿತು? ‘ದಿ ಗೋಲ್ಡನ್ ಕಂಪಾಸ್’ ಮತ್ತೆ ನೋಡಿದಾಗ

ಕಳೆದ ತಿಂಗಳು ಮನೆಯ ಹತ್ತಿರದ ದಾನದ ಅಂಗಡಿಯಲ್ಲಿ ‘ದಿ ಗೋಲ್ಡನ್ ಕಂಪಾಸ್’ ಚಿತ್ರದ ಡಿವಿಡಿ ಒಂದು ಪೌಂಡಿಗೆ ಸಿಕ್ಕಿತು. ಹೊದಿಕೆಯ ಮೇಲೆ ಅದೇ ಹುಡುಗಿ, ಅದೇ ಬಿಳಿ ಕರಡಿ. ಕೈಗೆತ್ತಿಕೊಂಡು ಎರಡು ನಿಮಿಷ ಯೋಚಿಸಿದೆ. 2007ರ ಡಿಸೆಂಬರ್‌ನಲ್ಲಿ ಈ ಚಿತ್ರ ನೋಡಿ ಹೊರಬಂದಾಗ ಹನ್ನೊಂದು ವರ್ಷದ ನನ್ನ ಮಗಳು ದಾರಿಯುದ್ದಕ್ಕೂ ಅತ್ತಿದ್ದಳು. ಅದು ಸಿಟ್ಟಿನ ಅಳು. ಅಂಥ ಸಿಟ್ಟನ್ನು ಅವಳಲ್ಲಿ ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಹಾಗಾಗಿಯೇ ಡಿವಿಡಿ ಕೊಂಡು ತಂದೆ. ಆ ಸಿಟ್ಟು ಎಷ್ಟು ಸರಿಯಾಗಿತ್ತು ಎಂದು ಇನ್ನೊಮ್ಮೆ ನೋಡಬೇಕಿತ್ತು.

ನಾನು ಆಕ್ಸ್‌ಫರ್ಡ್‌ನಲ್ಲಿ ಒಂದು ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಫಿಲಿಪ್ ಪುಲ್ಮನ್ ಅವರ ‘ನಾರ್ದರ್ನ್ ಲೈಟ್ಸ್’ ಈ ಊರಿನ ಮಕ್ಕಳಿಗೆ ಮನೆಯ ಪುಸ್ತಕವಿದ್ದಂತೆ. ಮೂರು ಪುಸ್ತಕಗಳ ಕತೆಯಲ್ಲಿ ಮೊದಲನೆಯದಾದ ಅದು 1995ರಲ್ಲಿ ಪ್ರಕಟವಾಯಿತು, ಮಕ್ಕಳ ಪುಸ್ತಕಕ್ಕೆ ಕೊಡುವ ಕಾರ್ನೆಗೀ ಪದಕ ಪಡೆಯಿತು. ಅಮೆರಿಕದಲ್ಲಿ ಅದಕ್ಕೆ ‘ದಿ ಗೋಲ್ಡನ್ ಕಂಪಾಸ್’ ಎಂದು ಹೆಸರಿಟ್ಟರು, ಚಿತ್ರಕ್ಕೂ ಅದೇ ಹೆಸರು ಬಂತು. ಲೇಖಕರು ಓದಿದ್ದು ಇಲ್ಲಿನ ಎಕ್ಸೆಟರ್ ಕಾಲೇಜಿನಲ್ಲಿ. ಕತೆಯ ನಾಯಕಿ ಲೈರಾ ಬೆಳೆಯುವ ಜೋರ್ಡನ್ ಕಾಲೇಜಿಗೆ ಅದೇ ಮಾದರಿ. ನಮ್ಮ ಮಕ್ಕಳು ಬಸ್ಸಿಳಿದು ಆ ಬೀದಿಗಳಲ್ಲಿ ನಡೆಯುವಾಗ ಲೈರಾ ಯಾವ ಮಾಡಿನ ಮೇಲೆ ಹತ್ತಿರಬಹುದು ಎಂದು ಬೆರಳು ಮಾಡಿ ತೋರಿಸುತ್ತಾರೆ. ಹೀಗಿರುವಾಗ ಚಿತ್ರ ಬರುತ್ತದೆ ಎಂದರೆ ಆ ವರ್ಷ ಗ್ರಂಥಾಲಯದಲ್ಲಿ ಬೇರೆ ಮಾತೇ ಇರಲಿಲ್ಲ. ಲೈರಾ ಪಾತ್ರಕ್ಕೆ ಸುಮಾರು ಹತ್ತು ಸಾವಿರ ಹುಡುಗಿಯರನ್ನು ನೋಡಿ ಡಕೋಟಾ ಬ್ಲೂ ರಿಚರ್ಡ್ಸ್ ಎಂಬ ಹೊಸ ಹುಡುಗಿಯನ್ನು ಆರಿಸಿದ್ದರು. ಅಂಥ ಆಯ್ಕೆ ನಡೆದ ಊರುಗಳಲ್ಲಿ ನಮ್ಮದೂ ಒಂದು.

ಕತೆ ಗೊತ್ತಿಲ್ಲದವರಿಗೆ ಒಂದು ಮಾತು. ಲೈರಾಳ ಲೋಕದಲ್ಲಿ ಮನುಷ್ಯನ ಆತ್ಮ ದೇಹದ ಹೊರಗಿರುತ್ತದೆ, ಪ್ರಾಣಿಯ ರೂಪದಲ್ಲಿ ಜೊತೆಯಲ್ಲೇ ನಡೆಯುತ್ತದೆ, ಮಾತಾಡುತ್ತದೆ. ಅದಕ್ಕೆ ಡೀಮನ್ ಎನ್ನುತ್ತಾರೆ. ಮಕ್ಕಳ ಡೀಮನ್ ಕ್ಷಣಕ್ಕೊಂದು ರೂಪ ತಾಳುತ್ತದೆ, ಪತಂಗವಾಗುತ್ತದೆ, ಬೆಕ್ಕಾಗುತ್ತದೆ. ದೊಡ್ಡವರಾದ ಮೇಲೆ ಒಂದೇ ರೂಪಕ್ಕೆ ನಿಲ್ಲುತ್ತದೆ. ಇದನ್ನು ಫೋನಿನಲ್ಲಿ ನನ್ನ ಅಮ್ಮನಿಗೆ ವಿವರಿಸಲು ಹೋದಾಗ ಅವರು ನನ್ನನ್ನು ಅರ್ಧಕ್ಕೇ ತಡೆದು, ‘ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಹಾಗೆ ಅನ್ನು’ ಎಂದರು. ಅಷ್ಟೇ. ಗಿಳಿಯ ಕತ್ತು ಮುರಿದರೆ ರಾಕ್ಷಸ ಸಾಯುತ್ತಾನೆ ಎಂದು ಕೇಳಿ ಬೆಳೆದವರಿಗೆ ಈ ಕತೆಯ ಭಯ ಥಟ್ಟನೆ ಅರ್ಥವಾಗುತ್ತದೆ. ಏಕೆಂದರೆ ಇಲ್ಲಿ ಉತ್ತರ ದಿಕ್ಕಿನ ಬೋಲ್ವಾಂಗರ್ ಎಂಬಲ್ಲಿ ಮಕ್ಕಳನ್ನು ಕದ್ದೊಯ್ದು ಅವರ ಡೀಮನ್‌ಗಳನ್ನು ಕತ್ತರಿಸಿ ಬೇರೆ ಮಾಡುತ್ತಾರೆ.

ಮೊದಲು ಚಿತ್ರದ ಒಳ್ಳೆಯದನ್ನು ಹೇಳುತ್ತೇನೆ, ಅದು ಸಾಕಷ್ಟಿದೆ. ಡೀಮನ್‌ಗಳು ತೆರೆಯ ಮೇಲೆ ನಿಜವಾಗಿ ಬದುಕಿವೆ. ಒಬ್ಬ ಮನುಷ್ಯ ಸತ್ತಾಗ ಅವನ ಡೀಮನ್ ಹೊನ್ನಿನ ಪುಡಿಯಾಗಿ ಸಿಡಿದು ಇಲ್ಲವಾಗುತ್ತದೆ. ಅಂದು ನನ್ನ ಮುಂದಿನ ಸಾಲಿನಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು ಇನ್ನೂ ಕಿವಿಯಲ್ಲಿದೆ. ದೃಶ್ಯ ಪರಿಣಾಮಗಳಿಗೆ 2008ರಲ್ಲಿ ಈ ಚಿತ್ರಕ್ಕೆ ಆಸ್ಕರ್ ಬಂದದ್ದು ನ್ಯಾಯವಾಗಿಯೇ ಬಂದಿದೆ. ಮಕ್ಕಳನ್ನು ಕದಿಯುವವರ ಹಿಂದಿರುವ ಮಿಸೆಸ್ ಕೋಲ್ಟರ್ ಪಾತ್ರದಲ್ಲಿ ನಿಕೋಲ್ ಕಿಡ್‌ಮನ್ ಕೂಡ ಹಾಗೆಯೇ. ಪುಸ್ತಕದಲ್ಲಿ ಅವಳ ಕೂದಲು ಕಪ್ಪು, ಚಿತ್ರದಲ್ಲಿ ಹೊಂಬಣ್ಣ. ನಮ್ಮ ಗ್ರಂಥಾಲಯದ ಹುಡುಗಿಯರು ಮೊದಲ ಫೋಟೋಗಳು ಬಂದಾಗಲೇ ಅದನ್ನು ಹಿಡಿದು ತಕರಾರು ತೆಗೆದಿದ್ದರು. ನೋಡಿ ಬಂದ ಮೇಲೆ ಕೂದಲಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ಆ ನಗುವಿನ ತಂಪು, ಅವಳ ಡೀಮನ್ ಆದ ಆ ಚಿನ್ನದ ಕೋತಿಯ ಮೌನ, ಎರಡೂ ಅಷ್ಟು ಸರಿಯಾಗಿದ್ದವು. ಇನ್ನು ಚಿತ್ರದ ಹೆಸರಿನಲ್ಲಿರುವ ಆ ದಿಕ್ಸೂಚಿ, ಕೇಳಿದ್ದಕ್ಕೆ ನಿಜ ಹೇಳುವ ಅಲೀಥಿಯೋಮೀಟರ್. ಸುತ್ತಲೂ ಮೂವತ್ತಾರು ಚಿಹ್ನೆ, ಪ್ರಶ್ನೆ ಕೇಳಲು ಮೂರು ಮುಳ್ಳು, ಉತ್ತರ ಹೇಳಲು ತಾನಾಗಿ ತಿರುಗುವ ನಾಲ್ಕನೆಯದು. ಡಿವಿಡಿಯಲ್ಲಿ ಆ ದೃಶ್ಯ ನಿಲ್ಲಿಸಿ ಹತ್ತಿರದಿಂದ ನೋಡಿದೆ. ಒಂದೊಂದು ಚಿಹ್ನೆಯನ್ನೂ ಯಾರೋ ಪ್ರೀತಿಯಿಂದ ಬರೆದಿದ್ದಾರೆ.

ಹಾಗಿದ್ದರೆ ಪುಸ್ತಕ ಓದಿದ ಮಕ್ಕಳಿಗೆ ಅಷ್ಟು ಸಿಟ್ಟು ಏಕೆ ಬಂತು? ದೊಡ್ಡವರು ‘ಪುಸ್ತಕದಲ್ಲಿ ಇರುವುದೆಲ್ಲ ಚಿತ್ರದಲ್ಲಿ ಬರಲು ಸಾಧ್ಯವೇ’ ಎಂದು ಸಮಾಧಾನ ಹೇಳುತ್ತಿದ್ದರು. ಮಕ್ಕಳಿಗೆ ಅದು ಗೊತ್ತಿತ್ತು. ಅವರ ದೂರು ಬೇರೆ. ಅದನ್ನು ಹೇಳಲು ಒಂದು ಒಣಮೀನಿನ ವಿಷಯ ಹೇಳಬೇಕು.

ಪುಸ್ತಕದಲ್ಲಿ ಟೋನಿ ಮಕಾರಿಯೋಸ್ ಎಂಬ ಬಡ ಹುಡುಗನಿದ್ದಾನೆ. ಲೈರಾ ಹಿಮದ ನಡುವೆ ಒಂದು ಗುಡಿಸಲಿನಲ್ಲಿ ಅವನನ್ನು ಕಾಣುತ್ತಾಳೆ. ಅವನ ಡೀಮನ್ ರ‍್ಯಾಟರ್ ಅನ್ನು ಕತ್ತರಿಸಿ ಬೇರೆ ಮಾಡಿದ್ದಾರೆ. ತಬ್ಬಿಕೊಳ್ಳಲು ಏನೂ ಇಲ್ಲದೆ ಆ ಮಗು ಒಂದು ಒಣಮೀನನ್ನು ಎದೆಗೆ ಅವಚಿಕೊಂಡು ಕುಳಿತಿದೆ. ಅವನನ್ನು ಕರೆತರುತ್ತಾರೆ, ಆದರೆ ಅವನು ಉಳಿಯುವುದಿಲ್ಲ. ಬೆಳಿಗ್ಗೆ ಲೈರಾ ನೋಡಿದರೆ ಶವದ ಕೈಯಲ್ಲಿ ಮೀನಿಲ್ಲ, ಯಾರೋ ಅದನ್ನು ನಾಯಿಗಳಿಗೆ ಹಾಕಿದ್ದಾರೆ. ಅವಳು ಕೆರಳುತ್ತಾಳೆ. ಆ ಮಗುವಿಗೆ ಇದ್ದದ್ದು ಅದೊಂದೇ, ಅದನ್ನೂ ಕಿತ್ತುಕೊಂಡಿರಲ್ಲ ಎಂದು ಅವಳ ಸಂಕಟ. ಆಮೇಲೆ ತನ್ನಲ್ಲಿದ್ದ ಒಂದು ಚಿನ್ನದ ನಾಣ್ಯ ತೆಗೆದು, ಚಾಕು ಕೇಳಿ ಪಡೆದು, ಅದರ ಮೇಲೆ ರ‍್ಯಾಟರ್ ಎಂದು ಹೆಸರು ಕೆತ್ತಿ, ಸತ್ತ ಹುಡುಗನ ಬಾಯೊಳಗೆ ಇಡುತ್ತಾಳೆ. ಜೋರ್ಡನ್ ಕಾಲೇಜಿನ ನೆಲಮಾಳಿಗೆಯಲ್ಲಿ ಸತ್ತ ವಿದ್ವಾಂಸರ ತಲೆಬುರುಡೆಗಳ ಜೊತೆ ಅವರ ಡೀಮನ್‌ಗಳ ಗುರುತಿನ ಬಿಲ್ಲೆ ಇಡುವ ಪದ್ಧತಿ. ಹಿಂದೆ ಇದೇ ಲೈರಾ ಆಟಕ್ಕೆಂದು ಆ ಬಿಲ್ಲೆಗಳನ್ನು ಅದಲುಬದಲು ಮಾಡಿದವಳು. ಅದೇ ಹುಡುಗಿ ಇಲ್ಲಿ ಯಾರೂ ಹೇಳಿಕೊಡದೆ ಒಂದು ಬಡ ಮಗುವಿಗೆ ವಿದ್ವಾಂಸರ ಮರ್ಯಾದೆ ಸಲ್ಲಿಸುತ್ತಾಳೆ. ನಮ್ಮೂರಿನಲ್ಲಿ ಶವದ ಹಣೆಗೆ ನಾಣ್ಯ ಅಂಟಿಸುವುದನ್ನು ನೋಡಿ ಬೆಳೆದವಳು ನಾನು. ಆ ಪುಟವನ್ನು ಮಗಳಿಗೆ ಓದಿ ಹೇಳುವಾಗ ಗಂಟಲು ಕಟ್ಟಿ ನಿಲ್ಲಿಸಿದೆ. ಮುಂದಿನದನ್ನು ಅವಳೇ ಓದಿದಳು. ಒಂಬತ್ತು ವರ್ಷವಾಗಿತ್ತು ಅವಳಿಗೆ ಆಗ.

ಚಿತ್ರದಲ್ಲಿ ಟೋನಿ ಇಲ್ಲ. ಗುಡಿಸಲಿನಲ್ಲಿ ಸಿಗುವವನು ಬಿಲ್ಲಿ ಕೋಸ್ಟಾ ಎಂಬ ಬೇರೆ ಹುಡುಗ. ಅವನು ಸಾಯುವುದಿಲ್ಲ. ನಾಣ್ಯದ ಪ್ರಸಂಗವೂ ಇಲ್ಲ. ದೃಶ್ಯ ಬೇಗ ಮುಗಿದು ಹೊಡೆದಾಟ ಶುರುವಾಗುತ್ತದೆ. ಮಕ್ಕಳಿಗೆ ಇಷ್ಟು ದುಃಖ ಬೇಡ ಎಂದು ಮಾಡಿದ್ದಾರೆ ಎನ್ನೋಣ. ಆದರೆ ಇದೇ ಚಿತ್ರದಲ್ಲಿ ಕರಡಿಗಳ ಕಾಳಗದಲ್ಲಿ ಒಂದು ಕರಡಿ ಇನ್ನೊಂದರ ಕೆಳದವಡೆಯನ್ನು ಹೊಡೆದು ಹಾರಿಸುವುದನ್ನು ಎದುರಿಗೇ ತೋರಿಸುತ್ತಾರೆ! ದವಡೆ ಹಾರುವುದನ್ನು ನೋಡಬಲ್ಲ ಮಗು, ಸತ್ತ ಗೆಳೆಯನಿಗೆ ನಾಣ್ಯ ಇಡುವುದನ್ನು ನೋಡಲಾರದೇ? ನಮ್ಮ ಮಕ್ಕಳ ದೂರು ಇದೇ ಆಗಿತ್ತು. ಪುಸ್ತಕ ಅವರನ್ನು ನಂಬಿತ್ತು, ಚಿತ್ರ ನಂಬಲಿಲ್ಲ.

ಇನ್ನು ಆ ಕೊನೆ. ಕತೆ ತಿಳಿಯಬಾರದು ಎನ್ನುವವರು ಈ ಭಾಗ ಬಿಟ್ಟು ಮುಂದೆ ಹೋಗಿ. ಪುಸ್ತಕದಲ್ಲಿ ಇಪ್ಪತ್ತಮೂರು ಅಧ್ಯಾಯ. ಕೊನೆಯ ಮೂರರಲ್ಲಿ ಲೈರಾ ತಾನು ಹುಡುಕಿಕೊಂಡು ಹೋದ ತಂದೆ ಲಾರ್ಡ್ ಆಸ್ರಿಯೆಲ್ ಬಳಿ ತಲುಪುತ್ತಾಳೆ. ತಾನು ಕಾಪಾಡಿದೆ ಎಂದುಕೊಂಡ ಗೆಳೆಯ ರಾಜರ್‌ನನ್ನು ತಾನೇ ಸಾವಿನ ಬಾಯಿಗೆ ಕರೆತಂದಂತಾಯಿತು ಎಂದು ಅವಳಿಗೆ ತಿಳಿಯುತ್ತದೆ. ಇಡೀ ಪುಸ್ತಕ ನಡೆದು ಬರುವುದೇ ಅಲ್ಲಿಗೆ. ಆ ಭಾಗವನ್ನು ಚಿತ್ರೀಕರಿಸಿದ್ದರು, ಜಾಹೀರಾತಿನ ತುಣುಕುಗಳಲ್ಲಿ ಅದರ ಚೂರುಗಳೂ ಕಾಣಿಸಿದ್ದವು. ಬಿಡುಗಡೆಗೆ ಮೊದಲೇ ನಿರ್ದೇಶಕ ಕ್ರಿಸ್ ವೈಟ್ಸ್ ಆ ಅಧ್ಯಾಯಗಳನ್ನು ಮುಂದಿನ ಚಿತ್ರಕ್ಕೆ ಇಟ್ಟುಕೊಂಡಿರುವುದಾಗಿ ಅಭಿಮಾನಿಗಳಿಗೆ ತಿಳಿಸಿದ್ದರು. ಮುಂದಿನ ಚಿತ್ರ ಬರಲೇ ಇಲ್ಲ. ಹೀಗಾಗಿ ಈ ಚಿತ್ರದಲ್ಲಿ ಲೈರಾ ಮತ್ತು ರಾಜರ್ ಗಾಳಿಬುಟ್ಟಿಯಲ್ಲಿ ಕುಳಿತು, ಎಲ್ಲವೂ ಸರಿಹೋಗುತ್ತದೆ ಎಂಬಂತೆ ಮಾತಾಡುತ್ತಾ ಹಾರಿಹೋಗುತ್ತಾರೆ. ಪುಸ್ತಕ ಓದದವರು ಹಗುರವಾದ ಮನಸ್ಸಿನಿಂದ ಎದ್ದು ಹೋದರು. ಓದಿದವರು ಕುಳಿತೇ ಇದ್ದರು. ‘ಅಮ್ಮಾ, ಅವರು ಸುಳ್ಳು ಹೇಳಿದರು. ರಾಜರ್‌ಗೆ ಏನಾಗುತ್ತದೆ ಎಂದು ಯಾರೂ ಹೇಳಲಿಲ್ಲ’ ಎಂದಳು ಮಗಳು. ನನ್ನಲ್ಲಿ ಉತ್ತರವಿರಲಿಲ್ಲ.

ಸೋಮವಾರ ಗ್ರಂಥಾಲಯ ತೆರೆದಾಗ ಹತ್ತೂ ಮುಕ್ಕಾಲಕ್ಕೆ ಮೇಜಿನ ಸುತ್ತ ಮಕ್ಕಳು ಮುತ್ತಿಕೊಂಡಿದ್ದರು. ಓದಿದವರ ಗುಂಪಿನಲ್ಲಿ ಸಿಟ್ಟು. ಬೋಲ್ವಾಂಗರ್‌ಗೂ ಮೊದಲೇ ಕರಡಿಗಳ ಕಾಳಗ ತಂದದ್ದು ಏಕೆ ಎಂದು ಒಬ್ಬಳು ಪುಟ ಸಂಖ್ಯೆ ಸಮೇತ ವಾದಿಸಿದಳು. ಓದದವರಿಗೆ ಕರಡಿ ಇಷ್ಟವಾಗಿತ್ತು, ಯೋರೆಕ್‌ಗೆ ಧ್ವನಿ ಕೊಟ್ಟ ಇಯಾನ್ ಮೆಕೆಲನ್ ಅವರನ್ನು ಅನುಕರಿಸುತ್ತಾ ಕಪಾಟುಗಳ ನಡುವೆ ಓಡಾಡಿದರು. ಅವರಲ್ಲಿ ಒಬ್ಬ ಹುಡುಗ ಅದುವರೆಗೆ ಫುಟ್‌ಬಾಲ್ ಪತ್ರಿಕೆ ಬಿಟ್ಟು ಬೇರೇನನ್ನೂ ತೆಗೆದುಕೊಂಡವನಲ್ಲ. ಅಂದು ‘ನಾರ್ದರ್ನ್ ಲೈಟ್ಸ್’ ಕೇಳಿದ. ಕರಡಿಯ ಭಾಗ ಎಲ್ಲಿದೆ ಎಂದು ಪುಟ ತೋರಿಸಲು ಹೇಳಿದ. ಎರಡು ವಾರ ಕಳೆದು ಪುಸ್ತಕವನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತ. ‘ರಾಜರ್...’ ಎಂದ. ಆಮೇಲೆ ‘ಎರಡನೆಯದು ಇದೆಯೇ?’ ಎಂದ. ಚಿತ್ರದ ಮೇಲೆ ನನಗಿರುವ ಕೃತಜ್ಞತೆಗೆ ಕಾರಣ ಆ ಹುಡುಗ. ಅವನನ್ನು ಆ ಮೇಜಿಗೆ ಕರೆತಂದದ್ದು ಚಿತ್ರವೇ ಹೊರತು ನಾನಲ್ಲ.

ದೊಡ್ಡವರ ಜಗಳ ಬೇರೆಯೇ ಇತ್ತು. ಕತೆಯಲ್ಲಿ ಮಕ್ಕಳನ್ನು ಹಿಂಸಿಸುವ ಮ್ಯಾಜಿಸ್ಟೀರಿಯಂ ಒಂದು ಧಾರ್ಮಿಕ ಸಂಸ್ಥೆ. ಚಿತ್ರದಲ್ಲಿ ಆ ಗುರುತನ್ನು ಮಸುಕಾಗಿಸಿದರು. ಆದರೂ ಅಮೆರಿಕದ ಕ್ಯಾಥೊಲಿಕ್ ಲೀಗ್ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಇತ್ತ ಬ್ರಿಟನ್ನಿನ ನ್ಯಾಷನಲ್ ಸೆಕ್ಯುಲರ್ ಸೊಸೈಟಿ ಕತೆಯ ಜೀವಾಳವನ್ನೇ ತೆಗೆದಿದ್ದಾರೆ ಎಂದು ದೂರಿತು. ಎರಡೂ ಕಡೆಯವರನ್ನು ಒಲಿಸಲು ಹೋಗಿ ಎರಡೂ ಕಡೆ ಕಳೆದುಕೊಂಡರು. ಸುಮಾರು 18 ಕೋಟಿ ಡಾಲರ್ ಸುರಿದ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು ಸುಮಾರು 7 ಕೋಟಿ. ಹೊರದೇಶಗಳಲ್ಲಿ ಚೆನ್ನಾಗಿಯೇ ಓಡಿತು, ಆದರೆ ಆ ಹಕ್ಕುಗಳನ್ನು ನಿರ್ಮಾಣ ಸಂಸ್ಥೆ ಮೊದಲೇ ಮಾರಿಕೊಂಡಿತ್ತು. ಧಾರ್ಮಿಕ ವಿವಾದದ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಗ್ರಂಥಾಲಯದ ಮಕ್ಕಳು ಅದನ್ನು ಒಮ್ಮೆಯೂ ಎತ್ತಲಿಲ್ಲ.

2019ರಿಂದ 2022ರವರೆಗೆ ಬಂದ ಟಿವಿ ಸರಣಿ ಮೂರೂ ಪುಸ್ತಕಗಳನ್ನು ಮುಗಿಸಿತು. ಅಲ್ಲಿಯೂ ಟೋನಿಯ ಬದಲು ಬಿಲ್ಲಿಯೇ, ಆದರೆ ಅವನು ತಾಯಿಯ ತೋಳುಗಳಲ್ಲಿ ಸಾಯುತ್ತಾನೆ, ಕ್ಯಾಮೆರಾ ಬೇರೆಡೆಗೆ ತಿರುಗುವುದಿಲ್ಲ. ಮಗಳು ಅದನ್ನು ನೋಡಿದ ರಾತ್ರಿ ನನಗೆ ಫೋನ್ ಮಾಡಿ, ‘ಈ ಸಲ ನಮ್ಮನ್ನು ನಂಬಿದ್ದಾರೆ ಅಮ್ಮಾ’ ಎಂದಿದ್ದಳು. ಅಷ್ಟಾದರೂ ಒಂದು ವಿಷಯ ಹೇಳಲೇಬೇಕು. ಡೀಮನ್‌ಗಳ ವಿಷಯದಲ್ಲಿ ಹಳೆಯ ಚಿತ್ರವೇ ಮೇಲು. ಸರಣಿಯಲ್ಲಿ ಎಷ್ಟೋ ಬೀದಿಗಳಲ್ಲಿ ಜನರಿದ್ದಾರೆ, ಅವರ ಡೀಮನ್‌ಗಳು ಕಾಣುವುದಿಲ್ಲ.

ಡಿವಿಡಿ ಕೊಳ್ಳಬೇಕೇ ಎಂದು ಕೇಳಿದರೆ, ಕೊಳ್ಳಿ. 113 ನಿಮಿಷದ ಚಿತ್ರ. ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳು ಬೋಲ್ವಾಂಗರ್ ದೃಶ್ಯದಲ್ಲಿ ಹೆದರಬಹುದು. ಎರಡು ಜಾಲರಿ ಪಂಜರ, ಒಂದರಲ್ಲಿ ಹುಡುಗಿ, ಇನ್ನೊಂದರಲ್ಲಿ ಅವಳ ಡೀಮನ್, ನಡುವೆ ಇಳಿಯುವ ಅಲಗು. ಅಲ್ಲಿ ಪಕ್ಕದಲ್ಲಿ ಕುಳಿತಿರಿ. ಮತ್ತು ಪುಸ್ತಕವನ್ನು ಮನೆಯಲ್ಲಿ ಮೊದಲೇ ತಂದಿಟ್ಟುಕೊಂಡಿರಿ.

ನಾನು ಈ ಸಲ ನೋಡಿದ್ದು ನನ್ನ ತಂಗಿಯ ಮಗಳ ಜೊತೆ. ಮೈಸೂರಿನಿಂದ ರಜೆಗೆ ಬಂದಿದ್ದಾಳೆ, ಹತ್ತು ವರ್ಷ. ನನ್ನ ಮಗಳೂ ಆ ವಾರಾಂತ್ಯ ಮನೆಗೆ ಬಂದಿದ್ದಳು, ನೋಡುವುದಿಲ್ಲ ಎಂದು ಅಡುಗೆಮನೆಯಲ್ಲಿ ಕುಳಿತವಳು ಅರ್ಧಕ್ಕೆ ಬಂದು ಸೋಫಾದ ತುದಿಯಲ್ಲಿ ಕುಳಿತಳು. ಗಾಳಿಬುಟ್ಟಿ ಹಾರಿತು, ಹೆಸರುಗಳು ಬರತೊಡಗಿದವು, ಕೇಟ್ ಬುಷ್ ಅವರ ಹಾಡು ಶುರುವಾಯಿತು. ಮಗು ತೆರೆಯನ್ನೇ ನೋಡುತ್ತಿತ್ತು.

‘ಆಮೇಲೆ ಏನಾಯಿತು ದೊಡ್ಡಮ್ಮಾ?’

ನಾನು ಬಾಯಿ ತೆರೆಯುವ ಮೊದಲೇ ಮಗಳು ಎದ್ದು ಮಹಡಿ ಹತ್ತಿದಳು. ಕೆಳಗಿಳಿದಾಗ ಅವಳ ಕೈಯಲ್ಲಿ ಬೆನ್ನು ಕಿತ್ತು ಅಂಟುಪಟ್ಟಿ ಹಾಕಿದ ಆ ಹಳೆಯ ಪ್ರತಿ ಇತ್ತು. ‘ನೀನು ಹೆದರುವುದಿಲ್ಲ ತಾನೇ?’ ಎಂದು ಕೇಳಿದಳು. ‘ಇಲ್ಲ ಅಕ್ಕಾ’ ಎಂದಿತು ಮಗು. ಟಿವಿ ಆರಿಸಿ, ಇಪ್ಪತ್ತೊಂದನೆಯ ಅಧ್ಯಾಯ ತೆರೆದು, ಮಗಳು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳತೊಡಗಿದಳು.