ಆಷಾಢದ ರಿಯಾಯಿತಿ ಅಂಗಡಿ: ಲೆಕ್ಕ ಸರಿಯಾಗಿತ್ತು, ಬೆಲೆಯೇ ಸುಳ್ಳಾಗಿತ್ತು

ಇದನ್ನು ಬರೆಯಲೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು, ನಮೂದಿತ ಬೆಲೆ, ಸೋಡಿ (ಅಂದರೆ ರಿಯಾಯಿತಿ), ಮಾರಿದ ಬೆಲೆ ಎಂದು ಕರಿಹಲಗೆಯ ಮೇಲೆ ಸಾವಿರ ಸಲ ಬರೆದು ಅಳಿಸಿದವನು, ಅದೇ ಸೋಡಿಯ ಲೆಕ್ಕದಲ್ಲಿ ಟೋಪಿ ಹಾಕಿಸಿಕೊಂಡೆ ಎಂದು ಹತ್ತು ಜನರ ಮುಂದೆ ಹೇಳಿಕೊಳ್ಳುವುದು ಸುಲಭವಲ್ಲ. ಆದರೆ ನಿನ್ನೆ ಸಂಜೆ ಆ ಅಂಗಡಿಯ ಮುಂದೆ ಹಾದುಹೋಗುವಾಗ ಜನ ಸಾಲುಗಟ್ಟಿ ನಿಂತಿದ್ದರು, ಬಾಗಿಲಲ್ಲಿ ಅದೇ ಹಳದಿ ಬ್ಯಾನರು ತೂಗುತ್ತಿತ್ತು. ಅದನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. ದೂರು ಇನ್ನೂ ಇತ್ಯರ್ಥವಾಗದ ಕಾರಣ ಅಂಗಡಿಯ ಹೆಸರು ಬರೆಯುವುದಿಲ್ಲ. ಬರೆದೂ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಆಷಾಢ ಬಂತೆಂದರೆ ನಮ್ಮ ಮೈಸೂರಿನಲ್ಲಿ ಇಂಥ ಅಂಗಡಿಗಳು ಬೀದಿಗೊಂದು ತೆರೆದುಕೊಳ್ಳುತ್ತವೆ.

ಆಷಾಢದ ರಿಯಾಯಿತಿಯನ್ನು ನಾವು ನಂಬುವುದಕ್ಕೆ ಕಾರಣವಿದೆ. ಆ ತಿಂಗಳಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಯಾವುದೂ ಇರುವುದಿಲ್ಲ. ವ್ಯಾಪಾರ ಮಲಗಿರುತ್ತದೆ, ಶ್ರಾವಣಕ್ಕೆ ಹೊಸ ಸರಕು ಬರುವ ಮೊದಲು ಹಳೆಯದನ್ನು ಖಾಲಿ ಮಾಡಬೇಕಾಗಿರುತ್ತದೆ. ಆದ್ದರಿಂದ ಅಂಗಡಿಯವನು ನಿಜವಾಗಿಯೂ ಬೆಲೆ ಇಳಿಸುತ್ತಾನೆ. ನಮ್ಮ ಮನೆಯ ಅರ್ಧ ಸೀರೆಗಳು ಆಷಾಢದಲ್ಲಿ ಕೊಂಡವೇ, ಒಂದರಲ್ಲೂ ದೂರಿಲ್ಲ. ಆ ನಂಬಿಕೆಯನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ.

ತಂಗಿಯ ಮಗಳ ಮನೆಯ ಗೃಹಪ್ರವೇಶ ಶ್ರಾವಣದಲ್ಲಿ ಇದೆ. ಉಡುಗೊರೆಗೆಂದು ಐದು ಲೀಟರಿನ ಒಂದು ಪ್ರೆಷರ್ ಕುಕ್ಕರ್ ನೋಡೋಣವೆಂದು ಹೆಂಡತಿಯೊಂದಿಗೆ ಹೋದೆ. ಡಬ್ಬದ ಮೇಲೆ 3,750 ರೂಪಾಯಿಯ ಸ್ಟಿಕ್ಕರ್ ಇತ್ತು. ಮೇಲೆ ತೂಗುಹಾಕಿದ ಹಲಗೆಯಲ್ಲಿ ‘50% + 20%’ ಎಂದು ಬರೆದಿತ್ತು. ಅಲ್ಲಿದ್ದ ಹುಡುಗ, “ಆಂಟಿ, ಎಪ್ಪತ್ತು ಪರ್ಸೆಂಟ್ ಬಿಟ್ಟಿದ್ದೀವಿ” ಎಂದ. ನನ್ನೊಳಗಿನ ಮೇಷ್ಟ್ರು ಅಲ್ಲೇ ಎದ್ದು ಕುಳಿತರು. “ಎಪ್ಪತ್ತು ಅಲ್ಲಪ್ಪ, ಅರವತ್ತು. ಮೊದಲು ಅರ್ಧ ತೆಗೆದರೆ 1,875, ಆಮೇಲೆ ಉಳಿದ ಅದರಲ್ಲಿ ಶೇಕಡಾ 20 ಅಂದರೆ 375. ಕೈಗೆ ಬರುವುದು 1,500. ನೀನು ಹೇಳಿದ ಹಾಗಾದರೆ 1,125 ಆಗಬೇಕಿತ್ತು” ಎಂದು ಅಕ್ಕಪಕ್ಕದವರಿಗೂ ಕೇಳುವಂತೆ ವಿವರಿಸಿದೆ. ಹುಡುಗ ಮೊಬೈಲಿನಲ್ಲಿ ಒತ್ತಿ ನೋಡಿದ. ಸರಿಯಾಗಿ 1,500 ಬಂತು. ಪಕ್ಕದಲ್ಲಿ ಬಾಣಲೆ ಹಿಡಿದು ನಿಂತಿದ್ದ ಒಬ್ಬರು, “ನಮಗೂ ಹೇಳಿ ಸಾರ್” ಎಂದು ತಮ್ಮ ಲೆಕ್ಕವನ್ನೂ ಮಾಡಿಸಿಕೊಂಡರು. ಗಲ್ಲಾದಲ್ಲಿ ಕುಳಿತಿದ್ದ ಮಾಲೀಕರು ನಗುತ್ತಾ, “ಮೇಷ್ಟ್ರು ಅಂತ ಕಾಣುತ್ತೆ” ಎಂದರು. ಹೌದೆಂದೆ, ಸ್ವಲ್ಪ ಬೀಗಿಯೇ ಹೇಳಿದೆ.

ಈಗ ನೆನೆದರೆ ಮೈ ಉರಿಯುತ್ತದೆ. ಅವರ ಒಂದು ಚಮತ್ಕಾರವನ್ನು ಹಿಡಿದೆನೆಂಬ ಖುಷಿಯಲ್ಲಿ ನಾನು ಇನ್ನೊಂದನ್ನು ನೋಡಲೇ ಇಲ್ಲ. ಶೇಕಡಾ ಎಷ್ಟು ಎಂದು ತಲೆ ಕೆಡಿಸಿಕೊಂಡೆನೇ ಹೊರತು, ಯಾವುದರಲ್ಲಿ ಶೇಕಡಾ ಎಂದು ಕೇಳಲಿಲ್ಲ. 3,750 ಎಂಬ ಸಂಖ್ಯೆ ಎಲ್ಲಿಂದ ಬಂತು? ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ನಮೂದಿತ ಬೆಲೆಯನ್ನು ದತ್ತವಾಗಿ ಕೊಟ್ಟಿರುತ್ತಾರೆ, ಅದನ್ನು ಯಾರೂ ಅನುಮಾನಿಸುವುದಿಲ್ಲ. ನಾನು ಅಂಗಡಿಯಲ್ಲೂ ಪರೀಕ್ಷೆ ಬರೆದು ಬಂದೆ.

ಹಣ ಕೊಡುವಾಗ ಆದ ತಪ್ಪುಗಳೂ ನನ್ನವೇ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದಾಗ ಅಂಗಡಿಯ ಹೆಸರಿನ ಬದಲು ಯಾವುದೋ ವ್ಯಕ್ತಿಯ ಹೆಸರು ಬಂತು, ಕೇಳಲಿಲ್ಲ. ಕೊಟ್ಟ ಚೀಟಿಯ ತಲೆಯಲ್ಲಿ ‘ಎಸ್ಟಿಮೇಟ್’ ಎಂದಿತ್ತು, ಕೆಳಗೆ ‘ಕುಕ್ಕರ್ 1 – 1500’ ಎಂದು ಪೆನ್ನಿನಲ್ಲಿ ಗೀಚಿತ್ತು. ಜಿಎಸ್‌ಟಿ ನಂಬರು, ಬಿಲ್ ನಂಬರು, ಅಂಗಡಿಯ ವಿಳಾಸ, ಯಾವುದೂ ಇಲ್ಲ. “ಪಕ್ಕಾ ಬಿಲ್ ಬೇಕಾದರೆ ಟ್ಯಾಕ್ಸ್ ಸೇರುತ್ತೆ ಸಾರ್” ಎಂದರು. ಗರಿಷ್ಠ ಚಿಲ್ಲರೆ ಬೆಲೆ ಎಂದರೆ ಎಲ್ಲ ತೆರಿಗೆಯೂ ಸೇರಿದ ಬೆಲೆ, ಅದರ ಮೇಲೆ ಮತ್ತೆ ತೆರಿಗೆ ಹಾಕುವಂತಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ.

ಬೆಲೆ ಕಾಣುವ ಹಾಗೆ ಉಡುಗೊರೆ ಕೊಡುವ ರೂಢಿ ನಮ್ಮಲ್ಲಿ ಇಲ್ಲವಷ್ಟೆ. ರಾತ್ರಿ ಊಟವಾದ ಮೇಲೆ ಸ್ಟಿಕ್ಕರ್ ಕೀಳಲು ಕುಳಿತೆ. ಉಗುರು ಹಾಕಿದರೆ ಡಬ್ಬದ ರಟ್ಟು ಕಿತ್ತುಬರುತ್ತಿತ್ತು. ಒದ್ದೆ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿದು, ಒಂದು ಮೂಲೆಯಿಂದ ಮೆಲ್ಲಗೆ ಎಳೆದೆ. ಸ್ಟಿಕ್ಕರ್ ಎದ್ದುಬಂತು, ಅದರ ಕೆಳಗೆ ಅಂಟಿನಲ್ಲಿ ಮಬ್ಬಾದ ಮುದ್ರಿತ ಅಕ್ಷರಗಳು ಕಂಡವು. ಕನ್ನಡಕ ಹಾಕಿಕೊಂಡು ಓದಿದೆ. ಐದು ಲೀಟರ್, ತಯಾರಾದ ತಿಂಗಳು ಎರಡು ವರ್ಷಕ್ಕೂ ಹಿಂದಿನದು, ಗರಿಷ್ಠ ಚಿಲ್ಲರೆ ಬೆಲೆ ಎಲ್ಲ ತೆರಿಗೆ ಸೇರಿ 1,420 ರೂಪಾಯಿ.

1,420. ಶೇಕಡಾ ಅರವತ್ತು ರಿಯಾಯಿತಿಯಲ್ಲಿ ನಾನು ಕೊಟ್ಟದ್ದು 1,500. ಅಂದರೆ ಯಾವ ರಿಯಾಯಿತಿಯೂ ಇಲ್ಲದ ಪೂರ್ತಿ ಬೆಲೆಗಿಂತ 80 ರೂಪಾಯಿ ಹೆಚ್ಚು ಕೊಟ್ಟು, ಅರವತ್ತೋ ಎಪ್ಪತ್ತೋ ಎಂದು ಅಂಗಡಿಯವರಿಗೆ ಪಾಠ ಹೇಳಿ ಬಂದಿದ್ದೆ. ಹೆಂಡತಿ ಪಕ್ಕದಲ್ಲೇ ನಿಂತು ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಹತ್ತೂವರೆಗೇ ಹೋಗಿ ಡಬ್ಬವನ್ನು ಗಲ್ಲಾದ ಮುಂದೆ ಇಟ್ಟೆ. ಮಾಲೀಕರು ಮೊದಲು, “ಸ್ಟಿಕ್ಕರ್ ಕಂಪನಿಯಿಂದಲೇ ಬರುತ್ತೆ, ನಮಗೆ ಗೊತ್ತಿಲ್ಲ” ಎಂದರು. ಕಂಪನಿಯವರು ತಾವೇ ಮುದ್ರಿಸಿದ ಬೆಲೆಯನ್ನು ತಾವೇ ಏಕೆ ಮುಚ್ಚುತ್ತಾರೆ ಎಂದು ಕೇಳಿದೆ. “ಅದು ಹಳೇ ರೇಟು, ಈಗ ಅಲ್ಯೂಮಿನಿಯಂ ಎಷ್ಟಾಗಿದೆ ಗೊತ್ತಾ?” ಎಂದರು. ಹಾಗಾದರೆ ಬೆಲೆ ಏರಿಸಿದ್ದೀರಿ, ರಿಯಾಯಿತಿ ಎಂದು ಏಕೆ ಬರೆದಿರಿ ಎಂದೆ. ಉತ್ತರವಿಲ್ಲ. ಆಮೇಲೆ ಚೀಟಿಯನ್ನು ನೋಡಿ, “ಇದು ನಮ್ಮ ಅಂಗಡಿಯದು ಅಂತ ಎಲ್ಲಿದೆ?” ಎಂದರು. ಅದೂ ನಿಜವೇ, ಎಲ್ಲಿಯೂ ಇರಲಿಲ್ಲ. “ಸ್ಟಿಕ್ಕರ್ ನೀವೇ ಅಂಟಿಸಿ ತಂದಿರಬಹುದಲ್ಲ” ಎಂದು ಇನ್ನೊಂದು ಮಾತು ಸೇರಿಸಿದರು. ಆ ಹೊತ್ತಿಗೆ ನನ್ನ ಧ್ವನಿ ಏರಿತ್ತು. ಆಗ ಅವರು ನಿನ್ನೆಯದೇ ನಗು ನಕ್ಕು, ಅಲ್ಲಿದ್ದ ಗಿರಾಕಿಗಳೆಲ್ಲರ ಮುಂದೆ ಹೇಳಿದ ಮಾತು ಇದು: “ನಿನ್ನೆ ಲೆಕ್ಕ ಮಾಡಿದ್ದು ನೀವೇ ತಾನೇ ಮೇಷ್ಟ್ರೇ? ನಮ್ಮ ಹುಡುಗ ಒಂದು ಪೈಸೆ ಹೆಚ್ಚು ತಗೊಂಡನಾ?”

ತೆಗೆದುಕೊಂಡಿರಲಿಲ್ಲ. ಆ ಮಾತಿಗೆ ನನ್ನ ಬಳಿ ಏನೂ ಇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನ ಬಾಯಿಯನ್ನು ಹಾಗೆ ಮುಚ್ಚಿಸಿರಲಿಲ್ಲ. ಕಡೆಗೆ ಗೋಡೆಯ ಮೇಲಿದ್ದ ‘ಮಾರಿದ ಸಾಮಾನು ವಾಪಸ್ ಇಲ್ಲ’ ಎಂಬ ಬೋರ್ಡನ್ನು ತೋರಿಸಿ, ಬೇಕಾದರೆ ಅಷ್ಟೇ ಬೆಲೆಯ ಬೇರೆ ಏನಾದರೂ ತೆಗೆದುಕೊಳ್ಳಿ ಎಂದರು. ಅಷ್ಟೇ ಬೆಲೆ ಎಂದರೆ ಯಾವ ಬೆಲೆ ಸ್ವಾಮಿ, ಮೇಲಿನ ಸ್ಟಿಕ್ಕರಿನದೋ ಕೆಳಗಿನದೋ?

ಮನೆಗೆ ಬಂದು ನಿಯಮಗಳನ್ನು ಓದಿದೆ. ಕೊಳ್ಳುವ ಮೊದಲು ಓದಬೇಕಿತ್ತು. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ಮುದ್ರಿತ ಬೆಲೆಯನ್ನು ಅಳಿಸುವುದು, ತಿದ್ದುವುದು, ಅದಕ್ಕಿಂತ ಹೆಚ್ಚಿಗೆ ಮಾರುವುದು ಅಪರಾಧ. ಬೆಲೆ ಇಳಿಸಿದಾಗ ಸ್ಟಿಕ್ಕರ್ ಹಚ್ಚಬಹುದು, ಆದರೆ ಆಗಲೂ ಅದು ತಯಾರಕರ ಬೆಲೆಯನ್ನು ಮುಚ್ಚಬಾರದು. ನಿಜವಾಗಿ ಬೆಲೆ ಇಳಿಸಿದವನಿಗೆ ಹಳೆಯ ಬೆಲೆಯನ್ನು ಮುಚ್ಚುವ ಅಗತ್ಯವೂ ಇಲ್ಲ, ಅದು ಕಂಡಷ್ಟೂ ಅವನಿಗೇ ಲಾಭ. ಇಷ್ಟು ಸಾಮಾನ್ಯ ತರ್ಕ ನನಗೆ ಹೊಳೆಯಲಿಲ್ಲ. ಇನ್ನು ಆ ಗೋಡೆಯ ಬೋರ್ಡು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

ದೋಷವೂ ಇತ್ತು. ಮನೆಗಳಲ್ಲಿ ಬಳಸುವ ಪ್ರೆಷರ್ ಕುಕ್ಕರನ್ನು 2021ರ ಫೆಬ್ರವರಿ 1ರಿಂದ ಐ.ಎಸ್.ಐ. ಗುರುತಿಲ್ಲದೆ ಮಾರುವಂತಿಲ್ಲ. ಗುರುತಿನ ಮೇಲೆ ಕುಕ್ಕರಿನ ಗುಣಮಟ್ಟದ ಮಾನಕವಾದ ಐ.ಎಸ್. 2347 ಎಂದೂ, ಕೆಳಗೆ ಸಿ.ಎಂ./ಎಲ್. ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ನಮ್ಮದರಲ್ಲಿ ಗುರುತಿನ ಚಿತ್ರ ಇತ್ತು, ಸಂಖ್ಯೆ ಇರಲಿಲ್ಲ. ಸಂಖ್ಯೆ ಇದ್ದರೆ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಹಾಕಿ ಅದು ಯಾರ ಪರವಾನಗಿ ಎಂದು ಅಂಗಡಿಯಲ್ಲೇ ನೋಡಬಹುದು. ಹಣ ಹೋದದ್ದು ಒತ್ತಟ್ಟಿಗಿರಲಿ, ಆವಿಯ ಒತ್ತಡದಲ್ಲಿ ಕೆಲಸ ಮಾಡುವ ಪಾತ್ರೆಯನ್ನು ಹೊಸ ಮನೆಗೆ ಕೊಡಲು ಹೊರಟಿದ್ದೆನಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತಿದೆ.

ಅದೇ ದಿನ ಕೊಂಡ ಎಣ್ಣೆಯ ಕಥೆಯನ್ನೂ ಹೇಳಿಬಿಡುತ್ತೇನೆ, ಚಿಕ್ಕದು. ಬೇರೆ ಅಂಗಡಿಯಲ್ಲಿ 142 ರೂಪಾಯಿಗೆ ಸಿಗುವ ಪ್ಯಾಕೆಟ್ ಇಲ್ಲಿ 128ಕ್ಕೆ ಸಿಕ್ಕಿತೆಂದು ನಾಲ್ಕು ತಂದಿದ್ದೆವು. ಅಲ್ಲಿಯದು ಒಂದು ಲೀಟರ್, ಅಂದರೆ ಸುಮಾರು 910 ಗ್ರಾಂ. ಇದು ನೋಡಲು ಅದೇ ಗಾತ್ರ, ಮೂಲೆಯಲ್ಲಿ ಸಣ್ಣಕ್ಷರದಲ್ಲಿ 800 ಗ್ರಾಂ. ಗ್ರಾಮಿಗೆ ಅಲ್ಲಿ 15.6 ಪೈಸೆ, ಇಲ್ಲಿ 16 ಪೈಸೆ. ಇದರಲ್ಲಿ ಕಾನೂನಿನ ತಪ್ಪಿಲ್ಲ, ತೂಕ ಮುದ್ರಿಸಿದ್ದಾರೆ, ಗ್ರಾಮಿಗೆ ಎಷ್ಟು ಎಂಬ ದರವನ್ನೂ ಮುದ್ರಿಸಿದ್ದಾರೆ. ಓದದೆ ತಂದವನು ನಾನು.

ಹೋಗುವವರು ಹೋಗಿ, ನಾನು ಬೇಡವೆನ್ನುವುದಿಲ್ಲ. ವಾಯಿದೆ ಹತ್ತಿರವಾದ ಬಿಸ್ಕತ್ತು, ಡಬ್ಬ ನೆಗ್ಗಿದ ಸಾಮಾನು, ಹಳೆಯ ವಿನ್ಯಾಸದ ಬೆಡ್‌ಶೀಟು, ಇವು ಇಂಥ ಕಡೆ ನಿಜವಾಗಿಯೂ ಅಗ್ಗವಾಗಿ ಸಿಗುತ್ತವೆ. ಆದರೆ ಶೇಕಡಾ ಎಷ್ಟು ಎಂದು ನೋಡುವ ಮೊದಲು ಸ್ಟಿಕ್ಕರಿನ ಅಂಚಿನ ಮೇಲೆ ಬೆರಳಾಡಿಸಿ. ಕೆಳಗೆ ಇನ್ನೊಂದು ಪದರ ತಗುಲಿದರೆ ಹುಷಾರಾಗಿ. ಅದೇ ವಸ್ತು ಬೇರೆ ಅಂಗಡಿಯಲ್ಲಿ ಎಷ್ಟೆಂದು ಅಲ್ಲೇ ನಿಂತು ಮೊಬೈಲಿನಲ್ಲಿ ನೋಡಿ, ಯಾರು ನಕ್ಕರೂ ನಗಲಿ. ಎಸ್ಟಿಮೇಟ್ ಚೀಟಿ ಕೊಟ್ಟರೆ ಸಾಮಾನನ್ನು ಅಲ್ಲೇ ಬಿಟ್ಟು ಬನ್ನಿ. ನನ್ನ ಹಾಗೆ ಆತುರದಲ್ಲಿ ಸ್ಟಿಕ್ಕರ್ ಕೀಳಬೇಡಿ, ಕೀಳುವ ಮೊದಲೊಂದು, ಅರ್ಧ ಎದ್ದಾಗ ಒಂದು, ಪೂರ್ತಿ ಎದ್ದಾಗ ಒಂದು ಫೋಟೋ ತೆಗೆಯಿರಿ. ಮತ್ತು ದಯವಿಟ್ಟು ಅಂಗಡಿಯಲ್ಲಿ ಯಾರಿಗೂ ಗಣಿತ ಹೇಳಿಕೊಡಬೇಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ, ಅಂಗಡಿಗಳ ತೂಕ, ಅಳತೆ ನೋಡುವ ಕಾನೂನು ಮಾಪನಶಾಸ್ತ್ರ ಇಲಾಖೆಗೂ ಲಿಖಿತವಾಗಿ ಕೊಟ್ಟಿದ್ದೇನೆ. ಇವುಗಳಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, ಐದು ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. ಎಂಬತ್ತು ರೂಪಾಯಿಗೆ ಇಷ್ಟೆಲ್ಲ ಏಕೆ ಎಂದು ಮಗ ಫೋನಿನಲ್ಲಿ ಕೇಳಿದ. ಆ ಅಂಗಡಿಯಲ್ಲಿ ನನ್ನನ್ನು ನಂಬಿ ಬಾಣಲೆಯ ಲೆಕ್ಕ ಮಾಡಿಸಿಕೊಂಡರಲ್ಲ, ಅವರ ಮುಖ ನೆನಪಾಗುತ್ತದೆ. ಅವರು ಯಾರೋ, ಎಲ್ಲಿಯವರೋ ಗೊತ್ತಿಲ್ಲ. ಇದನ್ನು ಓದುತ್ತಿದ್ದರೆ, ಸಾರ್, ನಿಮ್ಮ ಬಾಣಲೆಯ ಸ್ಟಿಕ್ಕರನ್ನೂ ಒಮ್ಮೆ ಒದ್ದೆ ಬಟ್ಟೆ ಇಟ್ಟು ಎಬ್ಬಿಸಿ ನೋಡಿ. ಫೋಟೋ ತೆಗೆದುಕೊಂಡೇ ಎಬ್ಬಿಸಿ.