ಫಾರ್ಸ್ಟರ್ ಅವರ ‘ಆಸ್ಪೆಕ್ಟ್ಸ್ ಆಫ್ ದ ನಾವೆಲ್’: ಕಾದಂಬರಿಕಾರರೊಬ್ಬರ ಓದು

ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಅವರು ಕಾದಂಬರಿ ಕಲೆಯನ್ನು ಕುರಿತು ಬರೆದ ‘ಆಸ್ಪೆಕ್ಟ್ಸ್ ಆಫ್ ದ ನಾವೆಲ್’ ಕೃತಿ ಹಲವರಿಗೆ ಪರಿಚಯವಾಗುವುದು ಪರೀಕ್ಷೆಯ ಟಿಪ್ಪಣಿಯಾಗಿ. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಎಂದರೆ ಕಥೆ; ರಾಜ ಸತ್ತ, ಆ ದುಃಖದಲ್ಲಿ ರಾಣಿಯೂ ಸತ್ತಳು ಎಂದರೆ ಕಥಾಸಂವಿಧಾನ ಎಂಬ ವಿವರಣೆಯೂ, ಪಾತ್ರಗಳನ್ನು ಚಪ್ಪಟೆ (ಒಂದೇ ಗುಣದ ಸುತ್ತ ಕಟ್ಟಿದ್ದು) ಮತ್ತು ದುಂಡು (ನಂಬುವಂತೆ ನಮ್ಮನ್ನು ಅಚ್ಚರಿಗೊಳಿಸಬಲ್ಲದ್ದು) ಎಂದು ವಿಂಗಡಿಸುವ ಕ್ರಮವೂ ಮೂಲವನ್ನು ಓದದವರ ಬಾಯಲ್ಲೂ ನೆಲೆಸಿವೆ. ಇಷ್ಟಕ್ಕಾಗಿಯೇ ಪುಸ್ತಕವನ್ನು ಕೊಳ್ಳುವ ಅಗತ್ಯವಿಲ್ಲ. ಕೊಳ್ಳಬೇಕಾದದ್ದು, ಒಬ್ಬ ಕಾದಂಬರಿಕಾರ ತನ್ನ ಕಸುಬಿನ ಉಳಿದವರನ್ನು ಇಷ್ಟಾನಿಷ್ಟಗಳನ್ನು ಮುಚ್ಚಿಡದೆ ಹೇಗೆ ಓದುತ್ತಾನೆ ಎಂಬುದನ್ನು ತಿಳಿಯುವ ಸಲುವಾಗಿ.

1927ರಲ್ಲಿ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಫಾರ್ಸ್ಟರ್ ನೀಡಿದ, ಸಾಹಿತ್ಯ ಕುರಿತ ಕ್ಲಾರ್ಕ್ ಉಪನ್ಯಾಸಗಳೇ ಇಲ್ಲಿನ ಅಧ್ಯಾಯಗಳು. ಅವರ ಕಾದಂಬರಿ ‘ಎ ಪ್ಯಾಸೇಜ್ ಟು ಇಂಡಿಯಾ’ ಪ್ರಕಟವಾಗಿ ಆಗ ಮೂರು ವರ್ಷ ಕಳೆದಿತ್ತು. ಮಾತಿನ ಧಾಟಿಯನ್ನು ತಿದ್ದದೆ ಉಳಿಸಿಕೊಂಡದ್ದರಿಂದ ಬರಹ ಎಲ್ಲಿಯೂ ಬಿಗಿದುಕೊಂಡಿಲ್ಲ, ಕೆಲವೆಡೆ ತುಸು ಹೆಚ್ಚೇ ಸಡಿಲವಾಗಿದೆ. ಸಾಹಿತ್ಯವನ್ನು ಕಾಲಾನುಕ್ರಮದಲ್ಲಿ ನೋಡಲು ಒಪ್ಪದ ಫಾರ್ಸ್ಟರ್, ಎಲ್ಲ ಕಾದಂಬರಿಕಾರರೂ ಒಂದೇ ವೃತ್ತಾಕಾರದ ಕೋಣೆಯಲ್ಲಿ ಕುಳಿತು ಏಕಕಾಲದಲ್ಲಿ ಬರೆಯುತ್ತಿದ್ದಾರೆಂದು ಕಲ್ಪಿಸಿಕೊಳ್ಳುತ್ತಾರೆ. ಬಳಿಕ ಲೇಖಕರ ಹೆಸರನ್ನು ತಡೆಹಿಡಿದು, ಎರಡೆರಡು ಭಾಗಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿಸುತ್ತಾರೆ. ರಿಚರ್ಡ್‌ಸನ್‌ಗೆ ಹೆನ್ರಿ ಜೇಮ್ಸ್, ಡಿಕನ್ಸ್‌ಗೆ ವೆಲ್ಸ್, ಸ್ಟರ್ನ್‌ಗೆ ವರ್ಜೀನಿಯಾ ವುಲ್ಫ್ ಜೋಡಿಯಾಗುತ್ತಾರೆ. ಹಲವು ದಶಕಗಳ ಅಂತರವಿರುವ ಇಬ್ಬರ ಮನೋಧರ್ಮ ಎಷ್ಟು ಹತ್ತಿರದ್ದೆಂಬುದು ವಾದವಿಲ್ಲದೆಯೇ ಮನದಟ್ಟಾಗುತ್ತದೆ. ವಿಮರ್ಶೆಯ ಪರಿಭಾಷೆಯ ನೆರವಿಲ್ಲದೆ ಓದಿನಿಂದಲೇ ಓದನ್ನು ಕಲಿಸುವ ಈ ಪುಟಗಳು ನನಗೆ ಪುಸ್ತಕದ ಎಲ್ಲ ಸೂತ್ರಗಳಿಗಿಂತ ಹೆಚ್ಚು ಬೆಲೆಯುಳ್ಳವು.

ಪಾತ್ರಗಳ ಚರ್ಚೆಯೂ ಟಿಪ್ಪಣಿಗಳು ಕಾಣಿಸುವಷ್ಟು ಸರಳವಲ್ಲ. ಡಿಕನ್ಸ್‌ನ ಬಹುತೇಕ ಪಾತ್ರಗಳು ಚಪ್ಪಟೆಯೆಂದು ಹೇಳಿದ ಉಸಿರಿನಲ್ಲೇ, ಅವುಗಳಲ್ಲಿ ಮನುಷ್ಯತ್ವದ ಆಳವಿದೆಯೆಂಬ ಅಚ್ಚರಿಯನ್ನೂ ಫಾರ್ಸ್ಟರ್ ದಾಖಲಿಸುತ್ತಾರೆ. ತಮ್ಮ ವಿಂಗಡಣೆಗೆ ತಾವೇ ಒಡ್ಡಿಕೊಂಡ ಈ ಆಕ್ಷೇಪವನ್ನು ಪಾಠ ಹೇಳುವವರು ಸಾಮಾನ್ಯವಾಗಿ ಕೈಬಿಡುತ್ತಾರೆ.

ಆದರೆ ಫಾರ್ಸ್ಟರ್ ಅವರ ಅಭಿರುಚಿಗೆ ಒಗ್ಗದ ಲೇಖಕರ ಪಾಡು ಕಷ್ಟದ್ದು. ವಾಲ್ಟರ್ ಸ್ಕಾಟ್ ಅವರ ಒಂದು ಕಾದಂಬರಿಯ ಕಥೆಯನ್ನು ಫಾರ್ಸ್ಟರ್ ವ್ಯಂಗ್ಯವಾಗಿ ನಿರೂಪಿಸುವ ಪುಟಗಳು ನಗೆ ತರಿಸುತ್ತವೆ ನಿಜ; ಆದರೆ ಹಾಗೆ ಸಂಗ್ರಹಿಸಿ ಹೇಳಿದರೆ ಯಾವ ಕಾದಂಬರಿ ತಾನೇ ನಗೆಪಾಟಲಾಗದು? ಜೇಮ್ಸ್ ಜಾಯ್ಸ್ ಅವರ ‘ಯುಲಿಸಿಸ್’ ಕೃತಿಯನ್ನು ಜಗತ್ತಿಗೆ ಕೆಸರು ಬಳಿಯುವ ಹಟವೆಂದು ಕಂಡದ್ದೂ ಅವಸರದ ತೀರ್ಪೇ.

ಬರೆಯುವವರಿಗೆ ಹೆಚ್ಚು ಒದಗುವುದು ವಿನ್ಯಾಸ ಮತ್ತು ಲಯವನ್ನು ಕುರಿತ ಅಧ್ಯಾಯ. ಹೆನ್ರಿ ಜೇಮ್ಸ್ ಅವರ ವಿನ್ಯಾಸದ ಪರಿಪೂರ್ಣತೆಯನ್ನು ಮನಸಾರೆ ಮೆಚ್ಚುತ್ತಲೇ, ಅದಕ್ಕಾಗಿ ಬದುಕಿನ ಬಹುಪಾಲನ್ನು ಕಾದಂಬರಿಯ ಹೊರಗಿಡಬೇಕಾಯಿತಲ್ಲ ಎಂದು ಫಾರ್ಸ್ಟರ್ ತಕರಾರೆತ್ತುತ್ತಾರೆ. ಅದಕ್ಕೆ ಬದಲಾಗಿ ಅವರು ತೋರಿಸುವುದು, ಫ್ರೆಂಚ್ ಲೇಖಕ ಪ್ರೂಸ್ತ್ ಅವರ ಮಹಾಕಾದಂಬರಿಯಲ್ಲಿ ಆಗಾಗ ಮರಳಿ ಬಂದು, ಪ್ರತಿ ಸಲವೂ ಬೇರೆ ಅರ್ಥ ಪಡೆದು, ನಡುನಡುವೆ ಮರೆತೂ ಹೋಗುವ ಒಂದು ಚಿಕ್ಕ ಸ್ವರಪಂಕ್ತಿಯನ್ನು. ಮೊದಲೇ ನಕ್ಷೆ ಹಾಕಿಕೊಂಡು ಬರೆಯುವವರಿಗೆ ಇಂಥ ಲಯ ದಕ್ಕೀತೇ ಎಂಬುದು ಅವರ ಅನುಮಾನ. ನಕ್ಷೆಯಿಲ್ಲದೆ ಒಂದು ಪುಟವನ್ನೂ ಬರೆಯದ ನನ್ನಂಥವರಿಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ, ಆದರೂ ಜಗಳವಾಡಲು ಆ ಅಧ್ಯಾಯಕ್ಕೇ ಮತ್ತೆ ಹೋಗಬೇಕಾಗುತ್ತದೆ.