ಪಿಎಚ್‌ಡಿ ಆಯ್ತು, ಮುಂದೆ ಪೋಸ್ಟ್‌ಡಾಕಾ, ಖಾಸಗಿ ವಿವಿಯಾ?

ಬೆಂಗಳೂರಿನಲ್ಲಿ ಪಿಎಚ್‌ಡಿ ಮುಗಿಸಿದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ನಂತರ ಕೆಲವು ವರ್ಷ ಮಾಡುವ ಸಂಶೋಧನಾ ಕೆಲಸ. ಸಂಬಳ ನೋಡಿ ಮಾತ್ರ ತೀರ್ಮಾನಿಸಬೇಡಿ.

ಐಐಎಸ್‌ಸಿ ಅಥವಾ ಕೃಷಿ ವಿವಿಯ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಂಥ ಕಡೆ ಪೋಸ್ಟ್‌ಡಾಕ್ ಸಿಕ್ಕರೆ ದಿನವಿಡೀ ಸಂಶೋಧನೆಗೇ ಸಮಯ. ಒಳ್ಳೆಯ ಲ್ಯಾಬು, ಪಕ್ಕದಲ್ಲೇ ಮಾತಾಡಲು ಜನ. ಆದರೆ ಕೆಲಸ ಕಾಯಂ ಅಲ್ಲ. ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ಪೇ 2 ವರ್ಷಕ್ಕೆ ಮುಗಿಯುತ್ತದೆ, ಮನೆ ಬಾಡಿಗೆ ಮಾತ್ರ ನಿಲ್ಲುವುದಿಲ್ಲ ಅಲ್ವಾ?

ಖಾಸಗಿ ವಿವಿಯಲ್ಲಿ ತಿಂಗಳು ತಿಂಗಳು ಸಂಬಳ ಬರುತ್ತದೆ, ಮನೆಯವರಿಗೂ ನೆಮ್ಮದಿ. ತೊಂದರೆ ಇರುವುದು ಸಮಯದ್ದು. ಯುಜಿಸಿಯ 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಅಂತಿದೆ, ಆದರೆ ನಾನು ಮೊದಲು ಸೇರಿದ ಕಡೆ ಪಾಠದ ಜೊತೆ ಪ್ರವೇಶಾತಿ ಪ್ರಚಾರ, ಕಾಲೇಜು, ವಿವಿಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಬೇಕಾದ ಕಡತ, ಪರೀಕ್ಷೆ ಮೇಲ್ವಿಚಾರಣೆ ಎಲ್ಲವೂ ಹೊಸಬರ ತಲೆಗೇ ಬಿತ್ತು, ಒಂದು ವರ್ಷ ಒಂದು ಸಾಲೂ ಬರೆಯಲಾಗಲಿಲ್ಲ. ಆ ವರ್ಷ ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಸಂದರ್ಶನದಲ್ಲಿ ಸುಮ್ನೆ ತಲೆಯಾಡಿಸಬೇಡಿ. ಮೊದಲ ವರ್ಷ ಪಾಠ ಕಡಿಮೆ ಕೊಡುತ್ತಾರಾ? ಸಂಶೋಧನೆ ಶುರು ಮಾಡಲು ಹಣ ಇದೆಯಾ? ಹಿರಿಯರೊಬ್ಬರು ಮಾರ್ಗದರ್ಶನ ಮಾಡುತ್ತಾರಾ? ಕೇಳಿ. ಉತ್ತರವನ್ನು ನೇಮಕಾತಿ ಪತ್ರದಲ್ಲೂ ಬರೆಸಿಕೊಳ್ಳಿ. ಅಲ್ಲಿ ಸೇರಿ ಎರಡು ವರ್ಷ ಆದವರನ್ನು ಹುಡುಕಿ ಒಂದು ಕಾಫಿ ಕುಡಿಯಿರಿ, ವೆಬ್‌ಸೈಟಿಗಿಂತ ಜಾಸ್ತಿ ಗೊತ್ತಾಗುತ್ತದೆ.

ಮನೆ ಜವಾಬ್ದಾರಿ ಇಲ್ಲದವರಿಗೆ ನಾನು ಪೋಸ್ಟ್‌ಡಾಕ್ ಅನ್ನೇ ಹೇಳುತ್ತೇನೆ. ಸಾಲ ಇದ್ದರೆ ವಿವಿ ಕೆಲಸ ಹಿಡಿಯಿರಿ, ಆದರೆ ವಾರದಲ್ಲಿ ಒಂದು ದಿನ ಪಾಠವಿಲ್ಲದ ವೇಳಾಪಟ್ಟಿ ಮೊದಲೇ ಕೇಳಿ ಪಡೆಯಿರಿ.